ಬೆಟ್ಟದ ಮೇಲಿನ ಕಲೆ

ಜೂನ್ ಹತ್ತಿರವಾಗುತ್ತಿದ್ದಂತೆ ಮಡಿಕೇರಿಯ ಹಾರ್ಡ್‌ವೇರ್ ಅಂಗಡಿಗಳ ಮುಂದೆ ನೀಲಿ ಟಾರ್ಪಾಲಿನ ಸುರುಳಿಗಳು ಸಾಲಾಗಿ ನಿಲ್ಲುತ್ತವೆ. ಹಿಂದೆಲ್ಲ ಅವು ಸೌದೆ ಮುಚ್ಚಲು, ಕೊಟ್ಟಿಗೆಗೆ ಇರಿಚಲು ಹೊಡೆಯದಂತೆ ಕಟ್ಟಲು ಹೋಗುತ್ತಿದ್ದವು. 2018ರ ನಂತರ ಬೆಟ್ಟ ಮುಚ್ಚಲೂ ಹೋಗುತ್ತಿವೆ. ಮನೆಯ ಹಿಂದೆ, ರಸ್ತೆಯ ಬದಿಯಲ್ಲಿ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಗೆ ನಮ್ಮ ಕಡೆ ಬರೆ ಎನ್ನುತ್ತಾರೆ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ‘ಬರೆ ಕುಸಿತ’ ಎಂದು ಬರುವುದು ಇದರ ಸುದ್ದಿಯೇ. ಬರೆಗೆ ಟಾರ್ಪಾಲು ಹೊದಿಸಲು ಒಂದು ಕ್ರಮವಿದೆ. ಮೇಲಂಚನ್ನು ಚಡಿ ತೋಡಿ ಹೂತು, ಅದರ ಮೇಲೆ ಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಹೇರಬೇಕು. ಇಲ್ಲದಿದ್ದರೆ ನೀರು ಹಾಳೆಯ ಅಡಿಗೇ ನುಗ್ಗುತ್ತದೆ. ಮೊಳೆ ಹೊಡೆಯುವಾಗ ಹಳೆಯ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಬಿಲ್ಲೆಯೊಂದನ್ನು ತಲೆಗೆ ಕೊಡುತ್ತಾರೆ, ಗಾಳಿಗೆ ಹಾಳೆ ಹರಿಯದಿರಲಿ ಎಂದು.

ಕಳೆದ ಮಳೆಗಾಲ ಮಕ್ಕಂದೂರಿನ ಕಡೆ ಅಂಥದೊಂದು ಬರೆಯ ಮುಂದೆ ನಿಂತಿದ್ದೆ. ಮೂರಾಳೆತ್ತರ, ಆರು ಹಾಳೆಗಳನ್ನು ಹೆಂಚಿನಂತೆ ಒಂದರ ಮೇಲೊಂದು ಅಂಚು ಬರುವ ಹಾಗೆ ಜೋಡಿಸಿದ್ದರು. ಗಾಳಿ ಬೀಸಿದಾಗ ನೀಲಿಯೆಲ್ಲ ಉಬ್ಬಿ, ಗಾಳಿ ನಿಂತಾಗ ಮಣ್ಣಿಗೆ ಅಂಟಿಕೊಳ್ಳುತ್ತಿತ್ತು. ಬೆಟ್ಟ ಉಸಿರಾಡುತ್ತಿದೆ ಎನಿಸಿತು. ರಾತ್ರಿ ಆ ಪಟಪಟ ಸದ್ದಿಗೇ ನಿದ್ದೆ ಬರುತ್ತದೆ, ಸದ್ದು ನಿಂತರೆ ಎಚ್ಚರವಾಗುತ್ತದೆ ಎಂದರು ಮನೆಯಾಕೆ.

1969ರಲ್ಲಿ ಕ್ರಿಸ್ಟೊ ಮತ್ತು ಜಾನ್-ಕ್ಲೋಡ್ ಎಂಬ ಕಲಾವಿದ ದಂಪತಿ ಸಿಡ್ನಿಯ ಲಿಟಲ್ ಬೇ ಎಂಬಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕಡಲ ತೀರದ ಬಂಡೆಗಳನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗ ಬಿಗಿದರು. ಹತ್ತು ಲಕ್ಷ ಚದರ ಅಡಿ ಬಟ್ಟೆ, ಐವತ್ತಾರು ಕಿಲೋಮೀಟರ್ ಹಗ್ಗ. ಹತ್ತು ವಾರ ಇಟ್ಟು ಬಿಚ್ಚಿದರು. ಜಗತ್ತಿನ ಕಲಾ ಚರಿತ್ರೆಯಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ನನಗೆ ಮೋಜೆನಿಸುವುದು ಅವರು ಆರಿಸಿಕೊಂಡ ಬಟ್ಟೆ: ಮಣ್ಣಿನ ಸವಕಳಿ ತಡೆಯಲು ತಯಾರಾಗುವ ಕೃಷಿ ಬಳಕೆಯ ಬಟ್ಟೆ ಅದು. ಅವರು ಅದನ್ನು ಕೊಚ್ಚಿಹೋಗದ ಬಂಡೆಗೆ ಸುತ್ತಿದರು. ನಾವು ಕೊಚ್ಚಿಹೋಗುವ ಮಣ್ಣಿಗೆ, ಪ್ರತಿ ವರ್ಷ, ಹತ್ತು ವಾರಕ್ಕಿಂತ ಹೆಚ್ಚು ಕಾಲ, ಸುತ್ತುತ್ತಿದ್ದೇವೆ. ಇದನ್ನು ಕಲೆ ಎಂದು ಯಾರೂ ಕರೆದಿಲ್ಲ. ಕರೆಯಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಪ್ರಕೃತಿ ವಿಕೋಪಕ್ಕೆ ಕಲೆ ಹೇಗೆ ಉತ್ತರ ಕೊಡಬೇಕು ಎಂಬ ಚರ್ಚೆ ಎಲ್ಲೆಡೆ ನಡೆಯುತ್ತಿರುವಾಗ ಕೊಡಗಿನಲ್ಲಿ ಕುಳಿತು ಮಾತು ಆರಂಭಿಸಬೇಕಾದದ್ದು ಈ ನೀಲಿ ಹಾಳೆಯಿಂದಲೇ.

ಕನ್ನಡದಲ್ಲಿ ‘ಕಲೆ’ಗೆ ಎರಡು ಅರ್ಥ. ಒಂದು ಚಿತ್ರ, ಶಿಲ್ಪ, ಸಂಗೀತ. ಇನ್ನೊಂದು ಗಾಯ ಮಾಯ್ದ ಮೇಲೆ ಚರ್ಮದ ಮೇಲೆ ಉಳಿಯುವುದು. ನನ್ನ ವಾದವೆಲ್ಲ ಈ ಎರಡನೆಯ ಅರ್ಥದ ಮೇಲೆ ನಿಂತಿದೆ. ಯಾಕೆಂದರೆ ಕೊಡಗಿನಲ್ಲಿ ಗಾಯ ಮಾಯುತ್ತದೆ, ಕಲೆ ಉಳಿಯುವುದಿಲ್ಲ.

2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ, ಹೆಮ್ಮೆತ್ತಾಳು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆಯ ಸುತ್ತ ಬೆಟ್ಟಗಳು ಜಾರಿದವು. ಎರಡಂತಸ್ತಿನ ಮನೆಯೊಂದು ನಿಂತ ನಿಲುವಿನಲ್ಲೇ ಇಳಿಜಾರಿನಲ್ಲಿ ಜಾರಿ ಹೋದ ವಿಡಿಯೊವನ್ನು ದೇಶವೇ ಮೊಬೈಲಿನಲ್ಲಿ ನೋಡಿತು. ಮರುವರ್ಷ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ. ಅದರ ಮರುವರ್ಷ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯನ್ನೂ ಅಲ್ಲಿದ್ದ ಐವರನ್ನೂ ಹೊತ್ತೊಯ್ದಿತು. ಮೂರು ವರ್ಷ, ಮೂರು ಆಗಸ್ಟ್. 2018ರಲ್ಲಿ ಹೆಲಿಕಾಪ್ಟರಿನಿಂದ ತೆಗೆದ ಚಿತ್ರಗಳಲ್ಲಿ ಹಸಿರು ಬೆಟ್ಟಗಳ ಮೈಮೇಲೆ ಉಗುರಿನಿಂದ ಗೀರಿದಂತೆ ಕೆಂಪು ಪಟ್ಟಿಗಳು ಕಾಣುತ್ತವೆ.

ಈಗ ಹೋಗಿ ನೋಡಿ, ಆ ಕೆಂಪು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಬರಿಮಣ್ಣು ಬಹಳ ದಿನ ಬರಿದಾಗಿ ಇರುವುದಿಲ್ಲ. ಮೊದಲ ವರ್ಷ ಹುಲ್ಲು, ಜರಿಗಿಡ. ಎರಡನೆಯ ವರ್ಷಕ್ಕೆ ಕಮ್ಯುನಿಸ್ಟ್ ಗಿಡ, ಲಂಟಾನ. ಆಮೇಲೆ ಮರ. ದಾರಿಯಲ್ಲಿ ಹೋಗುವ ಪ್ರವಾಸಿಗೆ ಅದು ಕಾಡು. ಪಹಣಿಯಲ್ಲಿ ಮಾತ್ರ ಅದು ಇನ್ನೂ ಯಾರದೋ ಕಾಫಿ ತೋಟ. ಹಸಿರು ಮುಚ್ಚಿದ ಮೇಲೆ ಮಾತೂ ಮುಚ್ಚಿಹೋಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಬಂದು ನೋಡಿ, ರಸ್ತೆಗೆ, ಮನೆಗೆ, ಕಟ್ಟಡಕ್ಕೆ ಇಳಿಜಾರನ್ನು ನೆಟ್ಟಗೆ ಕಡಿದದ್ದು ಕುಸಿತದ ಮುಖ್ಯ ಕಾರಣಗಳಲ್ಲೊಂದು ಎಂದು ಹೇಳಿ ಹೋದರು. ಬಂಡೆಯ ಮೇಲೆ ದಪ್ಪಗೆ ಕುಳಿತಿರುವ ಮಣ್ಣು, ಅದರ ಕಾಲನ್ನು ಕಡಿದರೆ, ಮೇಲೆ ನೀರು ಕುಡಿದು ಭಾರವಾದಾಗ, ಒಳಗಿನ ನೀರಿನ ಒತ್ತಡಕ್ಕೆ ಹಿಡಿತ ಬಿಡುತ್ತದೆ. ಇಷ್ಟೇ ವಿಷಯ, ಅರ್ಥವಾಗದ್ದೇನಲ್ಲ. ಆದರೂ ಕಣಿವೆ ಚೆನ್ನಾಗಿ ಕಾಣುವ ಕಡೆಯೇ ಜೆಸಿಬಿ ಮತ್ತೆ ಹತ್ತುತ್ತದೆ. ಕಲೆ ಕಾಣದ ಮೈಯನ್ನು ಮತ್ತೆ ಕುಯ್ಯಲು ಕೈ ನಡುಗುವುದಿಲ್ಲ.

ಹಾಗಾಗಿ, ಕೊಡಗಿಗೆ ವಿಕೋಪದ ನೆನಪಿನ ದೊಡ್ಡ ಕಲಾಕೃತಿ ಬೇಕೇ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಅದು ಆ ಕೆಂಪು ಗೀರನ್ನು ಕಣ್ಣಿಗೆ ಕಾಣುವ ಹಾಗೆ ಇಡುತ್ತದೆಯೇ? ಬೇರೆ ಕಡೆ ನಡೆದದ್ದನ್ನೂ ಇದೇ ಅಳತೆಗೋಲಿನಿಂದ ನೋಡೋಣ.

ಚೀನಾದ ಸಿಚುವಾನ್‌ನಲ್ಲಿ 2008ರ ಮೇ 12ರಂದು ಭೂಕಂಪವಾಯಿತು. ಸತ್ತವರು, ಕಾಣೆಯಾದವರು ಸೇರಿ ಸುಮಾರು 87 ಸಾವಿರ ಮಂದಿ. ಶಾಲೆಗಳು ಕುಸಿದು ಸಾವಿರಾರು ಮಕ್ಕಳು ಸತ್ತಿದ್ದರು, ಅನೇಕ ಕಡೆ ಪಕ್ಕದ ಕಟ್ಟಡಗಳು ನಿಂತೇ ಇದ್ದವು. ಕಳಪೆ ಕಾಮಗಾರಿ ಎಂಬ ಮಾತು ತಂದೆ ತಾಯಿಯರಿಂದ ಹೊರಟಿತು, ಸರ್ಕಾರ ಅದನ್ನು ಅದುಮಲು ನೋಡಿತು. ಕಲಾವಿದ ಐ ವೇವೇ ಮೊದಲು ಮಾಡಿದ್ದು ಕಲೆಯಲ್ಲ, ಪಟ್ಟಿ. ಸ್ವಯಂಸೇವಕರನ್ನು ಊರೂರಿಗೆ ಕಳುಹಿಸಿ ಸತ್ತ ಮಕ್ಕಳ ಹೆಸರು, ಶಾಲೆ, ತರಗತಿ ಬರೆಸಿಕೊಂಡರು. ಐದು ಸಾವಿರಕ್ಕೂ ಹೆಚ್ಚು ಹೆಸರು ಸಿಕ್ಕವು. ಆ ಕೆಲಸದ ನಡುವೆಯೇ 2009ರಲ್ಲಿ ಚೆಂಗ್ಡುವಿನಲ್ಲಿ ಪೊಲೀಸರಿಂದ ಪೆಟ್ಟು ತಿಂದು, ತಿಂಗಳ ನಂತರ ಮ್ಯೂನಿಕ್‌ನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಅದೇ ಮ್ಯೂನಿಕ್‌ನ ಕಲಾ ಭವನದ ಮುಂಭಾಗಕ್ಕೆ ಒಂಬತ್ತು ಸಾವಿರ ಶಾಲಾ ಚೀಲಗಳನ್ನು ಜೋಡಿಸಿ, ಚೀಲಗಳ ಬಣ್ಣದಿಂದಲೇ ಒಂದು ವಾಕ್ಯ ಬರೆದರು. ಮಗಳನ್ನು ಕಳೆದುಕೊಂಡ ತಾಯಿಯ ಮಾತು ಅದು: ಏಳು ವರ್ಷ ಅವಳು ಈ ಲೋಕದಲ್ಲಿ ಸಂತೋಷವಾಗಿ ಬದುಕಿದಳು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅವರ ಇನ್ನೊಂದು ಕೃತಿ. ಬಿದ್ದ ಶಾಲೆಗಳ ಕಾಂಕ್ರೀಟಿನಿಂದ ಹೊರಚಾಚಿದ್ದ, ತಿರುಚಿಹೋದ ಕಬ್ಬಿಣದ ಸರಳುಗಳನ್ನು ಗುಜರಿಯಂತೆ ಕೊಂಡು ತಂದರು. ಸುಮಾರು 150 ಟನ್. ಕೆಲಸಗಾರರು ವರ್ಷಗಟ್ಟಲೆ ಕುಳಿತು ಒಂದೊಂದನ್ನೂ ಸುತ್ತಿಗೆಯಿಂದ ಬಡಿದು ನೇರ ಮಾಡಿದರು. ನೇರವಾದ ಸರಳುಗಳನ್ನು ನೆಲದ ಮೇಲೆ ಅಲೆಯಂತೆ, ನಡುವೆ ಬಿರುಕಿನಂತೆ ಒಂದು ಸಂದು ಬಿಟ್ಟು ಪೇರಿಸಿದರು. 2015ರಲ್ಲಿ ಲಂಡನ್ನಿನಲ್ಲಿ ಅದನ್ನು ತೋರಿಸಿದಾಗ ಗೋಡೆಯ ಮೇಲೆ ಮಕ್ಕಳ ಹೆಸರುಗಳಿದ್ದವು. ಕಬ್ಬಿಣ ನೇರವಾಯಿತು, ಅಂಗಡಿಯಿಂದ ಆಗತಾನೇ ಬಂದ ಹಾಗೆ. ಇನ್ನು ಏನೂ ಆಗಿಲ್ಲವೆಂದು ಹೇಳಬಹುದು, ಅಲ್ಲವೇ? ನೋಡುವವನ ಗಂಟಲಿಗೆ ಸಿಕ್ಕಿಹಾಕಿಕೊಳ್ಳುವುದು ಈ ವ್ಯಂಗ್ಯ. ಮನೆ ಕಟ್ಟಿಸಿದ ಯಾರಿಗಾದರೂ ಗೊತ್ತು, ಸರಳು ಎಷ್ಟು ದಪ್ಪ, ಎಷ್ಟು ಅಂತರಕ್ಕೆ ಕಟ್ಟಿದ್ದಾರೆ ಎಂಬುದರಲ್ಲಿ ಗುತ್ತಿಗೆದಾರನ ಪ್ರಾಮಾಣಿಕತೆ ಇರುತ್ತದೆ. ಆ ರಾಶಿ ಒಂದು ಸಾಕ್ಷ್ಯ. ದೊಡ್ಡ ಗಾತ್ರ ಅಲ್ಲಿ ಡೌಲಲ್ಲ. 150 ಟನ್ ಎಂಬುದು ಅಪರಾಧದ ತೂಕ.

ಇದೇ ಕಲಾವಿದರು 2016ರಲ್ಲಿ ಕಡಲ ದಂಡೆಯಲ್ಲಿ ಮಕಾಡೆ ಮಲಗಿ, ಮುಳುಗಿ ಸತ್ತ ಸಿರಿಯಾದ ಪುಟ್ಟ ಹುಡುಗನ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡರು, ನಮ್ಮ ದೇಶದ್ದೇ ಒಂದು ನಿಯತಕಾಲಿಕಕ್ಕೆ. ಟೀಕೆಗಳ ಮಳೆ ಸುರಿಯಿತು, ಸುರಿಯಬೇಕಿತ್ತು. ಸರಳು ಬಡಿಸುವಾಗ ಅವರು ಬದಿಗೆ ಸರಿದಿದ್ದರು. ಇಲ್ಲಿ ಸತ್ತವನ ಜಾಗದಲ್ಲಿ ತಾವೇ ಮಲಗಿದರು. ಒಬ್ಬನೇ ಮನುಷ್ಯ ಎರಡನ್ನೂ ಮಾಡಬಲ್ಲ ಎಂಬುದು ಕಲಾವಿದರನ್ನು ಕರೆಸುವ ಮುನ್ನ ಯೋಚಿಸಬೇಕಾದ ಸಂಗತಿ.

ಇನ್ನು ಇಟಲಿ. ಸಿಸಿಲಿ ದ್ವೀಪದ ಜಿಬೆಲ್ಲಿನಾ ಎಂಬ ಗುಡ್ಡದೂರು 1968ರ ಜನವರಿಯ ಭೂಕಂಪಕ್ಕೆ ನೆಲಸಮವಾಯಿತು. ಬದುಕುಳಿದವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ತಾತ್ಕಾಲಿಕ ಶೆಡ್ಡುಗಳಲ್ಲಿದ್ದರು. ಹಳೆಯ ಊರಿನಿಂದ ದೂರದಲ್ಲಿ ಹೊಸ ಜಿಬೆಲ್ಲಿನಾ ಕಟ್ಟಿದರು. ಊರಿನ ಮೇಯರ್ ಲುಡೊವಿಕೊ ಕೊರ್ರಾವೊ ದೊಡ್ಡ ದೊಡ್ಡ ಕಲಾವಿದರನ್ನು ಕರೆದು ಹೊಸ ಊರಿಗೆ ಕೃತಿಗಳನ್ನು ಮಾಡಿಕೊಡಿ ಎಂದು ಕೇಳಿದರು. ಬಂದವರಲ್ಲಿ ಅಲ್ಬೆರ್ತೊ ಬುರ್ರಿ ಒಬ್ಬರು, ಕಲೆಗೆ ಬರುವ ಮುನ್ನ ವೈದ್ಯರಾಗಿದ್ದವರು. ಹೊಸ ಊರಿನಲ್ಲಿ ತನಗೇನೂ ಕೆಲಸವಿಲ್ಲ ಎಂದುಕೊಂಡು ಹಳೆಯ ಊರಿನ ಅವಶೇಷದ ಮುಂದೆ ನಿಂತರು. ಆ ರಾಶಿಯನ್ನೇ ಒತ್ತಿ ದಿಂಡುಗಳನ್ನಾಗಿ ಮಾಡಿ, ಮೇಲೆ ಬಿಳಿ ಕಾಂಕ್ರೀಟ್ ಸುರಿಸಿದರು. ನಡುವೆ ಬಿಟ್ಟ ಸಂದುಗಳು ಹಳೆಯ ಬೀದಿಗಳ ಜಾಡನ್ನು ಸುಮಾರಾಗಿ ಹಿಡಿದು ಹೋಗುತ್ತವೆ. ಸುಮಾರು 80 ಸಾವಿರ ಚದರ ಮೀಟರ್, ಅಂದರೆ 20 ಎಕರೆ, ನಮ್ಮ ಲೆಕ್ಕದಲ್ಲಿ ಒಂದು ಮಧ್ಯಮ ಗಾತ್ರದ ಕಾಫಿ ತೋಟ. 1984ರಲ್ಲಿ ಶುರುವಾದ ಕೆಲಸ 1989ರಲ್ಲಿ ನಿಂತು, ಬುರ್ರಿ ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೆ 2015ರಲ್ಲಿ ಪೂರ್ತಿಯಾಯಿತು.

ಮೇಲಿನಿಂದ ನೋಡಿದರೆ ಬೇಸಗೆಯಲ್ಲಿ ಒಣಗಿ ಬಿರಿದ ಕೆರೆಯ ತಳದಂತೆ ಕಾಣುತ್ತದೆ. ಒಳಗೆ ನಡೆದರೆ ಗೋಡೆಗಳು ಹೆಗಲಿನ ಮಟ್ಟಕ್ಕೆ ಬರುತ್ತವೆ, ಪಕ್ಕದ ಓಣಿಯಲ್ಲಿ ಹೋಗುವವರ ತಲೆಯಷ್ಟೇ ಕಾಣುತ್ತದೆಯಂತೆ. ಗಾಯದ ಮೇಲೆ ಕಲೆಯನ್ನು, ಎರಡೂ ಅರ್ಥದಲ್ಲಿ, ಇಷ್ಟು ನೇರವಾಗಿ ಹಾಕಿದ ಇನ್ನೊಂದು ಕೃತಿ ನನಗೆ ಗೊತ್ತಿಲ್ಲ. ಹೊಸ ಜಿಬೆಲ್ಲಿನಾದ ಕಥೆ ಅಷ್ಟು ಚೆನ್ನಾಗಿಲ್ಲ. ಜನಸಂಖ್ಯೆಗೆ ಮೀರಿದ ಅಗಲ ರಸ್ತೆಗಳು, ಖಾಲಿ ಚೌಕಗಳು, ತುಂಬ ಕಲಾಕೃತಿಗಳು, ಕಡಿಮೆ ಮನುಷ್ಯರು. ಅದೇ ಊರು ಈಗ 2026ಕ್ಕೆ ಇಟಲಿಯ ಮೊದಲ ಸಮಕಾಲೀನ ಕಲಾ ರಾಜಧಾನಿಯಾಗಿ ಆಯ್ಕೆಯಾಗಿದೆ. ಕಲೆಯಿಂದ ಊರು ಉಳಿಯಿತೇ, ಊರಿಲ್ಲದೆ ಕಲೆ ಉಳಿಯಿತೇ ಎಂದು ಅವರೂ ಇನ್ನೂ ವಾದಿಸುತ್ತಿದ್ದಾರೆ.

ಇದನ್ನು ಓದಿ ಯಾವುದಾದರೂ ಇಲಾಖೆಯವರಿಗೆ ಮಕ್ಕಂದೂರಿನ ಇಳಿಜಾರಿನಲ್ಲೂ ಇಂಥದೊಂದು ಮಾಡಿಸಿದರೆ ಹೇಗೆ ಎಂಬ ಆಸೆ ಹುಟ್ಟದಿರಲಿ. ಕುಸಿದ ಇಳಿಜಾರಿನ ಮೇಲೆ ಕಾಂಕ್ರೀಟ್ ಎಂದರೆ ಮೇಲಿನಿಂದ ಭಾರ, ಒಳಗೆ ಹೊರಹೋಗಲಾರದ ನೀರು. ಮಡಿಕೇರಿಯಲ್ಲಿ ಜಿಲ್ಲಾಡಳಿತ ಭವನದ ಪಕ್ಕ, ಬೆಟ್ಟ ತಡೆಯಲೆಂದು ಕಾಂಕ್ರೀಟ್ ಫಲಕ ಜೋಡಿಸಿ ಕಟ್ಟಿದ ತಡೆಗೋಡೆ 2022ರ ಮಳೆಗಾಲದಲ್ಲಿ ಹೊಟ್ಟೆ ಮುಂದೆ ಮಾಡಿ ನಿಂತಿತು. ಕೆಳಗಿನ ರಸ್ತೆಯಲ್ಲಿ ಮರಳಿನ ಚೀಲಗಳನ್ನು ಪೇರಿಸಬೇಕಾಯಿತು. ಬೇಕಾಗಿಯೇ ಮಾಡಿದ್ದರೆ ಒಳ್ಳೆಯ ಪ್ರತಿಷ್ಠಾಪನಾ ಕಲೆ, ಇಂಗ್ಲಿಷಿನ ಇನ್‌ಸ್ಟಲೇಷನ್, ಎನ್ನಬಹುದಿತ್ತು. ಮಣ್ಣಿನ ಒಳಗಿನ ನೀರು ಎಷ್ಟು ಬಲವಾಗಿ ತಳ್ಳುತ್ತದೆ ಎಂದು ಪೇಟೆಯ ನಡುವೆ ನಿಂತು ಅಷ್ಟು ಚೆನ್ನಾಗಿ ತೋರಿಸಿದ್ದು ಬೇರೆ ಯಾವುದೂ ಇಲ್ಲ.

ನಮಗೆ ಹತ್ತಿರದ ಉದಾಹರಣೆ ಕೊಚ್ಚಿಯದು. 2018ರ ಅದೇ ಆಗಸ್ಟ್ ಮಳೆ ಕೇರಳದಲ್ಲಿ ನಾನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಡಿಸೆಂಬರಿನಲ್ಲಿ, ಎರಡು ವರ್ಷಕ್ಕೊಮ್ಮೆ ಬರುವ ಕಲಾ ಪ್ರದರ್ಶನ ಕೊಚ್ಚಿ-ಮುಜಿರಿಸ್ ಬಿನಾಲೆ, ನಡೆಸಬೇಕೇ ಬೇಡವೇ ಎಂಬ ಮಾತಿನ ನಡುವೆಯೇ ನಡೆಯಿತು. ಅಲ್ಲಿ ಬಾಂಗ್ಲಾದೇಶದ ಕಲಾವಿದೆ ಮಾರ್ಜಿಯಾ ಫರ್ಹಾನಾ ನೆರೆಯಲ್ಲಿ ಹಾಳಾದ ಮನೆಗಳ ಸಾಮಾನುಗಳನ್ನು ಸಂಗ್ರಹಿಸಿ ಕೋಣೆಯೊಳಗೆ ತಂತಿಗಳಿಂದ ತೂಗುಬಿಟ್ಟಿದ್ದರು. ಜನವರಿಯಲ್ಲಿ ಹೋಗಿದ್ದೆ. ಫ್ರಿಜ್ಜು ತಲೆಯ ಮೇಲೆ ತೇಲುತ್ತಿರುವ ಕೋಣೆಯೊಳಗೆ ಕಾಲಿಟ್ಟಾಗ ಮೊದಲು ಬಂದದ್ದು ಯೋಚನೆಯಲ್ಲ, ಹೊಟ್ಟೆಯೊಳಗಿನ ತಳಮಳ. ನೀರು ಮನೆಯೊಳಗೆ ಏರಿದಾಗ ಫ್ರಿಜ್ಜು ಮೊದಲು ತೇಲುತ್ತದೆ. ಕುಶಾಲನಗರದಲ್ಲಿ ಅದನ್ನು ಕಣ್ಣಾರೆ ಕಂಡವರಿದ್ದಾರೆ. ಬಾಗಿಲಿನ ರಬ್ಬರಿನ ಮಡಿಕೆಯಲ್ಲಿ ಒಣಗಿದ ಕೆಸರು ಇತ್ತೆಂದು ನನ್ನ ನೆನಪು. ಎಷ್ಟು ಉಜ್ಜಿದರೂ ಹೋಗದ ಜಾಗ ಅದು.

ನೆರೆಗೆ ಈ ಭಾಷೆ ಸರಿಹೊಂದುತ್ತದೆ, ಯಾಕೆಂದರೆ ನೆರೆ ಸಾಮಾನುಗಳನ್ನು ಬಿಟ್ಟು ಹೋಗುತ್ತದೆ. ನೆಲ್ಯಹುದಿಕೇರಿ, ಕರಡಿಗೋಡಿನಲ್ಲಿ ಕಾವೇರಿ ಇಳಿದ ಮೇಲೆ ಜನ ಹಾಸಿಗೆ ಒಣಹಾಕಿದರು, ಪಡಿತರ ಚೀಟಿಯನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿದರು. ಬೆಟ್ಟ ಹಾಗಲ್ಲ. ತೋರದಲ್ಲಿ ಶವವೂ ಸಿಗದೆ ಕಾರ್ಯ ಮಾಡಿದ ಮನೆಗಳಿವೆ. ತೂಗುಹಾಕಲು ಫ್ರಿಜ್ಜೇ ಇಲ್ಲದ ಕಡೆ ಕಲಾವಿದ ಏನನ್ನು ತೋರಿಸುತ್ತಾನೆ? ಪಕ್ಕದ ವಯನಾಡಿನಲ್ಲಿ 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದ ಮೇಲೆ ಪುತ್ತುಮಲೆಯ ಮಣ್ಣಿನಲ್ಲಿ ಸಾಲು ಸಾಲು ಗೋರಿಗಳನ್ನು ತೋಡಿದರು. ಗುರುತು ಸಿಗದ ದೇಹಗಳಿಗೆ, ದೇಹದ ಭಾಗಗಳಿಗೆ, ತಲೆಯ ಕಡೆ ನೆಟ್ಟದ್ದು ಹೆಸರಲ್ಲ, ಡಿಎನ್ಎ ಮಾದರಿಯ ಸಂಖ್ಯೆ. ಯಾವ ಕಲಾವಿದನೂ ಅದನ್ನು ರೂಪಿಸಲಿಲ್ಲ. ಆ ಸಂಖ್ಯೆಗಳ ಸಾಲಿನ ಮುಂದೆ ಬಿನಾಲೆಗಳು ಸಪ್ಪೆ.

ಗುಜರಾತಿನ ಭುಜ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ ಸ್ಮೃತಿವನವನ್ನೂ ಹೇಳಬೇಕು. 2001ರ ಜನವರಿ 26ರ ಭೂಕಂಪದ ನೆನಪಿಗೆ ಭುಜಿಯಾ ಗುಡ್ಡದ 470 ಎಕರೆಯಲ್ಲಿ ಲಕ್ಷಾಂತರ ಗಿಡಗಳು, ಮಳೆನೀರು ತಡೆದು ನಿಲ್ಲಿಸುವ ಐವತ್ತು ಪುಟ್ಟ ಅಣೆಗಳು, ಅವುಗಳ ಬಳಿ ಸತ್ತವರ ಹೆಸರಿನ ಫಲಕಗಳು. ನೀರಿಲ್ಲದ ಕಛ್‌ನಲ್ಲಿ ಹೆಸರು ನೀರು ಹಿಡಿಯುತ್ತದೆ, ನೀರು ಮರ ಬೆಳೆಸುತ್ತದೆ. ಚೆಂದದ ಯೋಚನೆ. ಆದರೆ ಅಲ್ಲಿನ ವರ್ಷದ ಮಳೆ ನಮ್ಮಲ್ಲಿ ಆಗಸ್ಟಿನ ಒಂದು ವಾರದಲ್ಲಿ ಬಿದ್ದುಬಿಡಬಹುದು. ಇಲ್ಲಿ ಇಳಿಜಾರಿನಲ್ಲಿ ನೀರು ನಿಲ್ಲಿಸುವುದೇ ಭಯ. ತಲಕಾವೇರಿ ದುರಂತದ ನಂತರ ಬೆಟ್ಟದ ಮೇಲೆ ತೋಡಿದ ಇಂಗುಗುಂಡಿಗಳ ಬಗ್ಗೆ ಎಷ್ಟು ಜಗಳವಾಯಿತೆಂದು ನೆನಪಿರಬಹುದು. ಕೊಡಗಿನ ಸ್ಮಾರಕ ನೀರನ್ನು ಹಿಡಿಯಬಾರದು, ಬಿಡಬೇಕು.

ಹಣದ ಪ್ರಶ್ನೆ ಎತ್ತದೆ ಮುಂದೆ ಹೋಗುವಂತಿಲ್ಲ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನ ರಿಕುಜೆನ್‌ತಕಾತಾ ಊರಿನ ಕಡಲ ತೀರದ ಎಪ್ಪತ್ತು ಸಾವಿರ ಪೈನ್ ಮರಗಳಲ್ಲಿ ಒಂದೇ ಒಂದು ನಿಂತಿತ್ತು. ಉಪ್ಪುನೀರಿಗೆ ಬೇರು ಕೊಳೆತು ಅದೂ ಮರುವರ್ಷ ಸತ್ತಿತು. ಆ ಮರವನ್ನು ಕಡಿದು, ತಿರುಳು ಕೊರೆದು, ಒಳಗೆ ಲೋಹದ ಆಧಾರ ಕೊಟ್ಟು, ಕೃತಕ ಎಲೆ ಹಚ್ಚಿ 2013ರಲ್ಲಿ ಮತ್ತೆ ನಿಲ್ಲಿಸಿದರು. ಖರ್ಚು 15 ಕೋಟಿ ಯೆನ್, ದಾನದ ಹಣ. ಜನ ಇನ್ನೂ ತಾತ್ಕಾಲಿಕ ಮನೆಗಳಲ್ಲಿದ್ದರು. ಸತ್ತ ಮರಕ್ಕೆ ಇಷ್ಟೊಂದು ಖರ್ಚೇ ಎಂದು ಕೇಳಿದವರನ್ನು ತಪ್ಪೆನ್ನಲಾಗದು. ಅದೇ ಕರಾವಳಿಯ ಅನೆಯೋಶಿ ಎಂಬ ಹಳ್ಳಿಯಲ್ಲಿ 1933ರ ಸುನಾಮಿಯ ನಂತರ ನೆಟ್ಟ ಒಂದು ಕಲ್ಲಿದೆ. ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ ಎಂದು ಅದರ ಮೇಲೆ ಬರೆದಿದೆ. ಊರವರು ಕಟ್ಟಲಿಲ್ಲ. 2011ರಲ್ಲಿ ಅಲೆ ಆ ಕಲ್ಲಿನ ಸುಮಾರು ನೂರು ಮೀಟರ್ ಕೆಳಗೆ ನಿಂತು ಹಿಂದಿರುಗಿತು. ಎದೆಯೆತ್ತರದ ಕಲ್ಲು. ನನಗೆ ಆ ಕಲ್ಲು ಇಷ್ಟ.

ಕಲ್ಲು ನೆಡುವುದು ನಮಗೇನು ಹೊಸದೇ? ವೀರಗಲ್ಲು, ಮಾಸ್ತಿಗಲ್ಲುಗಳಿರುವ ನಾಡು ಇದು. ಬೆಟ್ಟದ ಮೈಯಲ್ಲೇ ಗೀರು ಎಳೆಯುವುದೂ ಕೊಡಗಿಗೆ ಹೊಸದಲ್ಲ. ಹಿಂದೆ ಯುದ್ಧಕ್ಕೆಂದು, ಗಡಿಗೆಂದು ಬೆಟ್ಟಗಳ ಮೇಲೆ ಮೈಲಿಗಟ್ಟಲೆ ತೋಡಿದ ಕಡಂಗಗಳು ಇನ್ನೂ ತೋಟಗಳ ನಡುವೆ ಹಾದುಹೋಗುತ್ತವೆ. ವಿರಾಜಪೇಟೆಯ ಬಳಿ ಆ ಹೆಸರಿನ ಊರೇ ಇದೆ. ಬೇರೆ ದೇಶದಲ್ಲಾಗಿದ್ದರೆ ಭೂಕಲೆ ಎಂದು ಪುಸ್ತಕ ಬರೆಯುತ್ತಿದ್ದರು. ನಾವು ಅದರೊಳಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ.

ಇನ್ನು ಮಡಿಕೇರಿ ದಸರಾ. ಹಾಲೇರಿ ಅರಸರ ಕಾಲದಲ್ಲಿ ಸಾಂಕ್ರಾಮಿಕ ರೋಗ ಬಂದು ಜನ ಸಾಯುತ್ತಿದ್ದಾಗ ಮಾರಿಯಮ್ಮನ ಕರಗ ಹೊರಡಿಸಿದರು ಎಂಬುದು ಐತಿಹ್ಯ. ಅಂದರೆ ಆ ಹಬ್ಬದ ಬೇರಿನಲ್ಲೇ ಒಂದು ವಿಪತ್ತು ಇದೆ. ಈಗ ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಹತ್ತು ಮಂಟಪಗಳು ಹೊರಡುತ್ತವೆ. ಟ್ರ್ಯಾಕ್ಟರುಗಳ ಮೇಲೆ ಎರಡಾಳು ಮೂರಾಳೆತ್ತರದ ದೇವ ದಾನವರು, ಬೆಳಕು, ಹೊಗೆ, ಜನರೇಟರಿನ ಅಬ್ಬರ. ರಾಕ್ಷಸನ ಕೈ ಏಳುತ್ತದೆ, ದೇವಿಯ ತ್ರಿಶೂಲ ಇಳಿಯುತ್ತದೆ. ತಿಂಗಳುಗಟ್ಟಲೆ ವೆಲ್ಡಿಂಗ್ ಮಾಡುವವರು, ವೈರಿಂಗ್ ಮಾಡುವವರು, ಬಣ್ಣ ಬಳಿಯುವವರು ಎಲ್ಲ ಊರಿನ ಹುಡುಗರು ಮತ್ತು ಅವರು ಹೊರಗಿನಿಂದ ಕರೆಸಿದ ಕಸುಬುದಾರರು. ದೊಡ್ಡ ಗಾತ್ರದ, ಚಲಿಸುವ, ಕಥೆ ಹೇಳುವ ಪ್ರತಿಷ್ಠಾಪನಾ ಕಲೆಯ ಕಾರ್ಯಾಗಾರ ನಮ್ಮಲ್ಲಿ ಆಗಲೇ ಇದೆ. ಕಥಾವಸ್ತು ಸಾಮಾನ್ಯವಾಗಿ ಪುರಾಣದ್ದು. ಬೆಟ್ಟ ಜಾರುವುದನ್ನು ತೋರಿಸಲು ಆ ಹುಡುಗರಿಗೆ ಹೊರಗಿನ ಯಾರೂ ಕಲಿಸಬೇಕಿಲ್ಲ. ಬಹುಮಾನಕ್ಕಾಗಿ ಮಂಟಪಗಳ ನಡುವೆ ನಡೆಯುವ ಜಿದ್ದಿನಲ್ಲಿ ಅಂಥ ಕಥೆ ಗೆಲ್ಲುತ್ತದೆಯೇ ಎಂಬುದು ಬೇರೆ ಮಾತು. ಹಬ್ಬದ ದಿನ ಸೂತಕ ನೆನಪಿಸಬೇಡಿ ಎನ್ನುವ ಹಿರಿಯರೂ ಇರುತ್ತಾರೆ, ಅವರ ಮಾತಿನಲ್ಲಿ ತಿರುಳಿಲ್ಲವೆಂದು ನಾನು ಹೇಳಲಾರೆ.

‘ಪ್ರತಿಷ್ಠಾಪನಾ ಕಲೆ’ ಎಂದು ಕನ್ನಡದಲ್ಲಿ ಹೆಸರಿಟ್ಟವರು ಯಾರೋ, ಅವರಿಗೆ ಗೊತ್ತಿತ್ತೋ ಇಲ್ಲವೋ, ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ನಮ್ಮ ಕಿವಿಗೆ ಪ್ರತಿಷ್ಠಾಪನೆ ಎಂದರೆ ಗಣಪತಿ. ಗಣಪತಿ ಎಂದರೆ ವಿಸರ್ಜನೆಯೂ ಉಂಟು. ಇಟ್ಟದ್ದನ್ನು ಕಾಲಕ್ಕೆ ಸರಿಯಾಗಿ ಬಿಡುವುದು, ಮರುವರ್ಷ ಹೊಸದಾಗಿ ತರುವುದು. ಪ್ರತಿ ವರ್ಷ ಮಾಡಬೇಕಾದ್ದನ್ನು ಊರು ಮರೆಯುವುದಿಲ್ಲ. ಕಂಚಿನಲ್ಲಿ ಎರಕ ಹೊಯ್ದು ನಿಲ್ಲಿಸಿದ್ದಕ್ಕೆ ಒಂದು ದಿನ ಹಾರ, ಉಳಿದ ದಿನ ಕಾಗೆ.

ಹೀಗಾಗಿ ನನ್ನ ತಲೆಯಲ್ಲಿರುವುದು ಬಹಳ ಬಡ ಕಲ್ಪನೆ. ಸುಣ್ಣ. ಅರೇಬಿಕಾ ಬೆಳೆಯುವ ಮನೆಗಳಲ್ಲಿ ಕಾಂಡಕೊರಕಕ್ಕೆ ಗಿಡದ ಕಾಂಡಕ್ಕೆ ಸುಣ್ಣದ ನೀರು ಹೊಡೆಯುತ್ತಾರೆ. ಸುಣ್ಣ, ಬಕೆಟ್ಟು, ಕೈ ಎಲ್ಲ ಇದೆ. ಬೆಟ್ಟ ಎಲ್ಲಿಂದ ಜಾರಿತು, ಎಲ್ಲಿಯವರೆಗೆ ಹರಡಿತು ಎಂಬುದು ಆ ಊರಿನವರಿಗೆ ಹೆಜ್ಜೆ ಹೆಜ್ಜೆಗೆ ಗೊತ್ತು. ಆ ಅಂಚಿನಲ್ಲಿ ಉಳಿದಿರುವ ಸಿಲ್ವರ್ ಓಕ್, ಹಲಸು, ಬಂಡೆ, ಮುರಿದ ಮೋರಿ, ಸಿಕ್ಕಿದ್ದಕ್ಕೆಲ್ಲ ಎದೆಮಟ್ಟಕ್ಕೆ ಬಿಳಿ ಪಟ್ಟಿ. ಎದುರು ಬೆಟ್ಟದಿಂದ ನೋಡಿದರೆ ಹಸಿರಿನ ಮೇಲೆ ಬಿಳಿಯ ಗೆರೆಯೊಂದು ಇಡೀ ಕುಸಿತದ ಆಕಾರವನ್ನು ತೋರಿಸಬೇಕು. ಮೇ ತಿಂಗಳಲ್ಲಿ ಬಳಿಯುವುದು, ಮಳೆ ತೊಳೆಯುವುದು, ಮತ್ತೆ ಮರುವರ್ಷ ಮೇ. ಗೆರೆಯ ಒಳಗೆ ಜೆಸಿಬಿ ಇಳಿದರೆ ಎದುರು ಬೆಟ್ಟದಲ್ಲಿ ಕುಳಿತ ಮಗುವಿಗೂ ಗೊತ್ತಾಗುತ್ತದೆ.

ತೊಡಕುಗಳು ಗೊತ್ತಿವೆ. ಆ ನೆಲ ಯಾರದೋ ಬಾಣೆ ಜಮೀನು, ಯಾರದೋ ಪಹಣಿ. ಬಿಳಿ ಗೆರೆ ಬಿದ್ದ ಜಾಗಕ್ಕೆ ಬೆಲೆ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಜಿಲ್ಲಾಡಳಿತ ಪ್ರವಾಸಿಗರನ್ನು ಕೆಲ ದಿನ ತಡೆದಾಗ ಖಾಲಿ ಬಿದ್ದ ಹೋಂಸ್ಟೇಗಳ ಸಾಲದ ಕಂತು ನಿಲ್ಲಲಿಲ್ಲ. ಅವರ ಭಯ ಬರಿಯ ದುರಾಸೆಯಲ್ಲ. ಅದಕ್ಕಿಂತ ದೊಡ್ಡ ತೊಡಕು ಪ್ರವಾಸಿಯೇ. ಕೊಡಗಿನಲ್ಲಿ ಕಣ್ಣಿಗೆ ಬೀಳುವುದೆಲ್ಲ ಎರಡು ವಾರದಲ್ಲಿ ‘ಪಾಯಿಂಟ್’ ಆಗುತ್ತದೆ. ಬಿಳಿ ಗೆರೆಗೆ ಎದುರಾಗಿ ಚಹಾದಂಗಡಿ, ಚುರುಮುರಿ ಗಾಡಿ, ಸೆಲ್ಫಿಗೆ ನಿಲ್ಲಲು ಹೃದಯದಾಕಾರದ ಕಬ್ಬಿಣದ ಕಮಾನು. ಇದನ್ನು ತಡೆಯುವ ಉಪಾಯ ನನ್ನಲ್ಲಿಲ್ಲ. ಜೋಡುಪಾಲದ ತಿರುವಿನಲ್ಲಿ ಕಾರು ನಿಲ್ಲಿಸಿ ಝರಿಯ ಫೋಟೊ ತೆಗೆಯುವವರಿಗೆ ಆ ನೀರು ಯಾರ ಅಂಗಳದ ಮೇಲೆ ಹರಿಯುತ್ತಿದೆ ಎಂದು ಹೇಳಬೇಕು ಅನಿಸುತ್ತದೆ. ಹೇಳಿದರೆ ಅದನ್ನೂ ವಿಡಿಯೊ ಮಾಡಿಕೊಳ್ಳುತ್ತಾರೆ.

ಮಾದಾಪುರದ ಕಡೆ ಜಂಬೂರಿನಲ್ಲಿ, ಕರ್ಣಂಗೇರಿಯಲ್ಲಿ, ಮದೆನಾಡಿನಲ್ಲಿ ಸಂತ್ರಸ್ತರಿಗೆ ಕಟ್ಟಿದ ಹೊಸ ಮನೆಗಳು ಅಳತೆ ಹಿಡಿದಂತೆ ಒಂದೇ ಥರ. ತೋಟದ ನಡುವೆ ಒಂಟಿ ಮನೆಯಲ್ಲಿದ್ದವರು ಈಗ ಪಕ್ಕದ ಮನೆಯ ಕುಕ್ಕರ್ ಸೀಟಿ ಎಣಿಸುತ್ತಾರೆ. ಅಲ್ಲಿ ಒಬ್ಬ ಅಜ್ಜಿಗೆ ಈ ಸುಣ್ಣದ ಗೆರೆಯ ವಿಚಾರ ಹೇಳಿದೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಗೆರೆ ಎಳೆಯುವುದಾದರೆ ತಮ್ಮ ಬಾವಿಯನ್ನು ಒಳಗೆ ಸೇರಿಸಿಕೊಳ್ಳಬೇಕೆಂದರು. ಬಾವಿ ಬಿದ್ದಿರಲಿಲ್ಲವಂತೆ, ಮುಚ್ಚಿಹೋಗಿತ್ತಂತೆ, ಎರಡೂ ಒಂದೇ ಅಲ್ಲ ಎಂದು ಬೆರಳೆತ್ತಿ ಹೇಳಿದರು.

ಮಕ್ಕಂದೂರಿನ ಆ ಮನೆಗೆ ಡಿಸೆಂಬರಿನಲ್ಲಿ ಮತ್ತೆ ಹೋಗಿದ್ದೆ. ಬರೆ ಬತ್ತಲೆ ನಿಂತಿತ್ತು, ನಡುವೆ ಅಲ್ಲಲ್ಲಿ ಜರಿಗಿಡ ಹುಟ್ಟಿತ್ತು. ಟಾರ್ಪಾಲು ಎಲ್ಲಿ ಎಂದು ಕೇಳಿದೆ. ಮನೆಯಾಕೆ ಅಂಗಳ ತೋರಿಸಿದರು. ಹರಿದ ಕಡೆ ಕತ್ತರಿಸಿ, ಗಟ್ಟಿಯಾಗಿದ್ದ ನಾಲ್ಕು ಹಾಳೆಗಳನ್ನು ತೊಳೆದು ಹಾಸಿದ್ದರು. ಮೇಲೆ ಕಾಫಿ ಒಣಗುತ್ತಿತ್ತು, ಅಂಚಿನಲ್ಲಿ ಮೊಳೆಯ ತೂತುಗಳು, ಒಂದೆರಡರಲ್ಲಿ ಚಪ್ಪಲಿಯ ಬಿಲ್ಲೆ ಇನ್ನೂ ಅಂಟಿಕೊಂಡಿತ್ತು.